ಒಂದೇ ಕೇಬಲ್ಲಿನಲ್ಲಿ ಚಿತ್ರವೂ ವಿದ್ಯುತ್ತೂ: ಸೊಸೈಟಿಗಳ ಕಾವಲು ಕ್ಯಾಮೆರಾಗಳಿಗೆ ಪಿಒಇ ವ್ಯವಸ್ಥೆ

ಮುಂಬಯಿ ಮತ್ತು ಅದರ ಉಪನಗರಗಳ ಗೃಹನಿರ್ಮಾಣ ಸಹಕಾರಿ ಸೊಸೈಟಿಗಳಲ್ಲಿ ಕಾವಲು ಕ್ಯಾಮೆರಾ ಇಲ್ಲದ ಕಟ್ಟಡ ಈಗ ವಿರಳ. ನಮ್ಮ ಕನ್ನಡಿಗ ಬಾಂಧವರಲ್ಲಿ ಅನೇಕರು ತಮ್ಮ ತಮ್ಮ ಸೊಸೈಟಿಗಳ ಕಾರ್ಯದರ್ಶಿಗಳಾಗಿ, ಖಜಾಂಚಿಗಳಾಗಿ ದುಡಿಯುತ್ತಿದ್ದಾರೆ. ಹಳೆಯ ಕ್ಯಾಮೆರಾಗಳನ್ನು ಬದಲಿಸುವ ಪ್ರಸ್ತಾಪ ಮಹಾಸಭೆಯ ಮುಂದೆ ಬಂದಾಗ ಗುತ್ತಿಗೆದಾರರ ಕೊಟೇಶನ್ನಿನಲ್ಲಿ ‘ಪಿಒಇ’ ಎಂಬ ಮೂರಕ್ಷರ ತಪ್ಪದೆ ಕಾಣಿಸಿಕೊಳ್ಳುತ್ತದೆ. ಅದರ ಅರ್ಥವೇನೆಂದು ಕೇಳಿದವರಿಗೆ ದೊರೆಯುವ ಉತ್ತರ ಸಾಮಾನ್ಯವಾಗಿ ಒಂದೇ: “ರೂಟರಿನಿಂದಲೇ ಕ್ಯಾಮೆರಾಕ್ಕೆ ಕರೆಂಟು ಹೋಗುತ್ತದೆ, ಬೇರೆ ವೈರಿಂಗ್ ಬೇಡ.” ಈ ಮಾತಿನ ಉತ್ತರಾರ್ಧ ನಿಜ, ಪೂರ್ವಾರ್ಧ ಬಹುತೇಕ ಸಂದರ್ಭಗಳಲ್ಲಿ ನಿಜವಲ್ಲ. ಸೊಸೈಟಿಯ ಹಣ ವ್ಯರ್ಥವಾಗುವುದೂ ಬೇಕಾದ ರಾತ್ರಿಯಲ್ಲಿ ಕ್ಯಾಮೆರಾ ಕಣ್ಣು ಮುಚ್ಚುವುದೂ ಬಹುಮಟ್ಟಿಗೆ ಈ ಅಂತರದಲ್ಲಿಯೇ. ಆದುದರಿಂದ ವಿಷಯವನ್ನು ತುಸು ವಿವರವಾಗಿ ಇಲ್ಲಿ ನಿರೂಪಿಸುತ್ತಿದ್ದೇವೆ.

ಪಿಒಇ ಎಂದರೆ ಪವರ್ ಓವರ್ ಈಥರ್ನೆಟ್. ಕಂಪ್ಯೂಟರ್ ಜಾಲಕ್ಕೆ ಬಳಸುವ ಈಥರ್ನೆಟ್ ಕೇಬಲ್ಲಿನ ಮೂಲಕವೇ, ಮಾಹಿತಿಯೊಡನೆ ವಿದ್ಯುತ್ತನ್ನೂ ಕಳುಹಿಸುವ ಪದ್ಧತಿ. ಈಥರ್ನೆಟ್ ಹುಟ್ಟಿದ್ದು 1973ರಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿದ್ದ ಝೆರಾಕ್ಸ್ ಸಂಸ್ಥೆಯ ಸಂಶೋಧನಾಲಯದಲ್ಲಿ. ಜಾಲಕ್ಕೆ ನೇರವಾಗಿ ಜೋಡಿಸಬಹುದಾದ ಮೊದಲ ಕ್ಯಾಮೆರಾವನ್ನು ಸ್ವೀಡನ್ನಿನ ಆಕ್ಸಿಸ್ ಸಂಸ್ಥೆ 1996ರಲ್ಲಿ ಮಾರುಕಟ್ಟೆಗೆ ತಂದಿತು. ಕೇಬಲ್ಲಿನಲ್ಲಿಯೇ ವಿದ್ಯುತ್ತನ್ನು ಹರಿಸುವ ಯೋಚನೆ ಬಲಗೊಂಡದ್ದು ಕ್ಯಾಮೆರಾದಿಂದಲ್ಲ, ಕಚೇರಿಗಳಲ್ಲಿ ಬಳಕೆಗೆ ಬಂದ ಐಪಿ ದೂರವಾಣಿಯಿಂದ. ಅದಕ್ಕೊಂದು ಸ್ವಾರಸ್ಯದ ಕಾರಣವಿದೆ.

ನಮ್ಮ ತಲೆಮಾರಿನವರು ಮನೆಯ ಹಳೆಯ ದೂರವಾಣಿಯನ್ನು ನೆನಪಿಸಿಕೊಳ್ಳಬಹುದು. ಇಡೀ ಬಡಾವಣೆಯ ವಿದ್ಯುತ್ತು ಹೋದರೂ ಅದು ಸತ್ತಿರಲಿಲ್ಲ, ಗೋಡೆಯ ಪ್ಲಗ್ಗನ್ನು ಅದು ಅವಲಂಬಿಸಿರಲೇ ಇಲ್ಲ. ವಿನಿಮಯ ಕೇಂದ್ರದಲ್ಲಿದ್ದ ದೊಡ್ಡ ಬ್ಯಾಟರಿಗಳಿಂದ 48 ವೋಲ್ಟಿನ ನೇರ ವಿದ್ಯುತ್ತು, ಮಾತು ಹರಿಯುತ್ತಿದ್ದ ಅದೇ ಜೋಡಿ ತಾಮ್ರದ ತಂತಿಗಳಲ್ಲಿ ಮನೆಯವರೆಗೆ ಬರುತ್ತಿತ್ತು. ಕಚೇರಿಯ ಹೊಸ ದೂರವಾಣಿಯೂ ಹಾಗೆಯೇ ಇರಬೇಕೆಂಬ ಅಪೇಕ್ಷೆಯಿಂದ ತಯಾರಕರು ತಮ್ಮ ತಮ್ಮ ವಿಧಾನಗಳನ್ನು ರೂಪಿಸಿದರು. 2003ರಲ್ಲಿ ಐಇಇಇ ಸಂಸ್ಥೆ ಇವಕ್ಕೆಲ್ಲ ಒಂದು ಸಾಮಾನ್ಯ ಮಾನಕವನ್ನು ಪ್ರಕಟಿಸಿತು. ಅದರ ಹೆಸರು 802.3ಎಎಫ್. ಹಳೆಯ ದೂರವಾಣಿಯ 48 ವೋಲ್ಟಿನ ಆಸುಪಾಸಿನಲ್ಲಿಯೇ ಇದೂ ನೆಲೆಸಿತು.

ಒಂದೇ ತಂತಿಯಲ್ಲಿ ಎರಡು ಹರಿವು ಬೆರೆತುಹೋಗದೆ ಇರುವುದು ಹೇಗೆ?

ಕೇಬಲ್ಲಿನೊಳಗೆ ಎಂಟು ಎಳೆಗಳಿದ್ದು, ಎರಡೆರಡು ಎಳೆಗಳು ಒಂದಕ್ಕೊಂದು ಹೊಸೆದುಕೊಂಡು ನಾಲ್ಕು ಜೋಡಿಗಳಾಗಿರುತ್ತವೆ. ಮಾಹಿತಿ ಸಾಗುವುದು ಒಂದು ಜೋಡಿಯ ಎರಡು ಎಳೆಗಳ ನಡುವಿನ ವೋಲ್ಟೇಜಿನ ವ್ಯತ್ಯಾಸದ ರೂಪದಲ್ಲಿ. ವಿದ್ಯುತ್ತನ್ನು ಕಳುಹಿಸುವಾಗ ಒಂದು ಜೋಡಿಯ ಎರಡೂ ಎಳೆಗಳ ವೋಲ್ಟೇಜನ್ನು ಸಮನಾಗಿ ಏರಿಸಲಾಗುತ್ತದೆ, ಮತ್ತೊಂದು ಜೋಡಿಯು ಮರಳುವ ದಾರಿಯಾಗುತ್ತದೆ. ನದಿಯ ನೀರು ಏರಿದಾಗ ದೋಣಿಯಲ್ಲಿ ಕುಳಿತ ಇಬ್ಬರೂ ಸಮನಾಗಿ ಮೇಲೇರುತ್ತಾರೆ, ಅವರಿಬ್ಬರ ಎತ್ತರದ ವ್ಯತ್ಯಾಸ ಮಾತ್ರ ಬದಲಾಗುವುದಿಲ್ಲ. ಹಾಗೆ. ಕೇಬಲ್ಲಿನ ಎರಡು ತುದಿಗಳಲ್ಲಿರುವ ಪುಟ್ಟ ಟ್ರಾನ್ಸ್‌ಫಾರ್ಮರುಗಳು ಈ ಎರಡನ್ನೂ ಬೇರ್ಪಡಿಸುತ್ತವೆ. ಸೆಕೆಂಡಿಗೆ 100 ಮೆಗಾಬಿಟ್ ವೇಗದ ಜಾಲದಲ್ಲಿ ಮಾಹಿತಿಗೆ ಎರಡೇ ಜೋಡಿ ಸಾಕು. ಉಳಿದ ನೀಲಿ ಮತ್ತು ಕಂದು ಬಣ್ಣದ ಜೋಡಿಗಳಲ್ಲಿ ವಿದ್ಯುತ್ತನ್ನು ಪ್ರತ್ಯೇಕವಾಗಿ ಕಳುಹಿಸುವ ಕ್ರಮವೂ ಉಂಟು. ಯಾವ ಜೋಡಿಗಳನ್ನು ಬಳಸಬೇಕೆಂಬುದನ್ನು ವಿದ್ಯುತ್ತು ಕೊಡುವ ಉಪಕರಣ ನಿರ್ಧರಿಸುತ್ತದೆ. ಮಾನಕಕ್ಕೆ ಬದ್ಧವಾದ ಕ್ಯಾಮೆರಾ ಎರಡೂ ಕ್ರಮಗಳನ್ನು ಸ್ವೀಕರಿಸಲೇಬೇಕು.

ಕೆಲವು ವೈರ್‌ಮನ್ನರು ಕೇಬಲ್ಲು ಉಳಿಸುವ ಹುಮ್ಮಸ್ಸಿನಲ್ಲಿ ಒಂದೇ ಕೇಬಲ್ಲಿನ ಎರಡು ಜೋಡಿಗಳನ್ನು ಒಂದು ಕ್ಯಾಮೆರಾಕ್ಕೂ ಉಳಿದೆರಡನ್ನು ಮತ್ತೊಂದಕ್ಕೂ ಹಂಚಿಬಿಡುತ್ತಾರೆ. ಚಿತ್ರ ಬರಬಹುದು. ಆದರೆ ನೀಲಿ, ಕಂದು ಜೋಡಿಗಳಲ್ಲಿ ವಿದ್ಯುತ್ತು ಕಳುಹಿಸುವ ಸ್ವಿಚ್ಚನ್ನು ಮುಂದೆ ಎಂದಾದರೂ ಕೊಂಡರೆ ಅಲ್ಲಿಗೆ ಎಲ್ಲವೂ ನಿಲ್ಲುತ್ತದೆ. ಒಂದು ಕ್ಯಾಮೆರಾಕ್ಕೆ ಒಂದು ಪೂರ್ಣ ಕೇಬಲ್ಲು ಎಂಬ ಷರತ್ತನ್ನು ಕಾರ್ಯಾದೇಶದಲ್ಲಿಯೇ ಬರೆಯುವುದು ಲೇಸು.

ರೂಟರ್ ವಿದ್ಯುತ್ತು ಕೊಡುತ್ತದೆಯೇ?

ಅಂತರ್ಜಾಲ ಸಂಪರ್ಕ ಕೊಡುವ ಕಂಪನಿಗಳು ಮನೆಗಳಲ್ಲಿ, ಸೊಸೈಟಿಯ ಕಚೇರಿಗಳಲ್ಲಿ ಇಟ್ಟುಹೋಗುವ ಸಾಮಾನ್ಯ ರೂಟರ್ ಮಾಹಿತಿಯನ್ನು ಮಾತ್ರ ಹಂಚುತ್ತದೆ. ಅದರ ಹಿಂಬದಿಯ ನಾಲ್ಕು ಪೋರ್ಟುಗಳಿಂದ ಕ್ಯಾಮೆರಾಕ್ಕೆ ಬೇಕಾದ ವಿದ್ಯುತ್ತು ಹೊರಡುವುದಿಲ್ಲ. ಆ ರೂಟರು ತಾನೇ 12 ವೋಲ್ಟಿನ ಒಂದು ಚಿಕ್ಕ ಅಡಾಪ್ಟರಿನಿಂದ ಬದುಕುವಂಥದು. ಪಿಒಇ ಪೋರ್ಟುಗಳಿರುವ ರೂಟರುಗಳು ಇಲ್ಲವೆಂದಲ್ಲ, ಆದರೆ ಅವು ಬೇರೆ ದರ್ಜೆಯವು, ಮತ್ತು ಅವುಗಳಲ್ಲಿ ಕೆಲವು ಕೊಡುವುದು ಮುಂದೆ ವಿವರಿಸಲಿರುವ ‘ಪ್ಯಾಸಿವ್’ ವಿದ್ಯುತ್ತನ್ನು.

ಹಾಗಾದರೆ ವಿದ್ಯುತ್ತು ಎಲ್ಲಿಂದ? ಮೂರು ಮಾರ್ಗಗಳಿವೆ. ಒಂದೆರಡು ಕ್ಯಾಮೆರಾ ಮಾತ್ರವಿದ್ದರೆ ರೂಟರಿಗೂ ಕ್ಯಾಮೆರಾಕ್ಕೂ ನಡುವೆ ‘ಇಂಜೆಕ್ಟರ್’ ಎಂಬ ಚಿಕ್ಕ ಪೆಟ್ಟಿಗೆಯನ್ನು ಇಡಬಹುದು. ಅದರ ಒಂದು ಕಿಂಡಿಗೆ ರೂಟರಿನ ಕೇಬಲ್ಲು, ಇನ್ನೊಂದರಿಂದ ವಿದ್ಯುತ್ತನ್ನೂ ಹೊತ್ತ ಕೇಬಲ್ಲು ಕ್ಯಾಮೆರಾಕ್ಕೆ. ನಾಲ್ಕಾರು ಕ್ಯಾಮೆರಾಗಳಿಗಿಂತ ಹೆಚ್ಚಿದ್ದರೆ ಪಿಒಇ ಸ್ವಿಚ್ಚೇ ಸರಿ. ರೂಟರಿನಿಂದ ಒಂದು ಕೇಬಲ್ಲು ಸ್ವಿಚ್ಚಿಗೆ, ಸ್ವಿಚ್ಚಿನಿಂದ ಒಂದೊಂದು ಕ್ಯಾಮೆರಾಕ್ಕೆ. ಮೂರನೆಯದು, ಚಿತ್ರಗಳನ್ನು ದಾಖಲಿಸುವ ಎನ್‌ವಿಆರ್ ಪೆಟ್ಟಿಗೆಯಲ್ಲಿಯೇ ಪಿಒಇ ಪೋರ್ಟುಗಳಿರುವ ಮಾದರಿ. ಚಿಕ್ಕ ಸೊಸೈಟಿಗಳಿಗೆ ಇದು ಅಚ್ಚುಕಟ್ಟಾದ ಏರ್ಪಾಡೆಂದು ನಮ್ಮ ಅಭಿಪ್ರಾಯ. ಇದರಲ್ಲಿ ಇನ್ನೊಂದು ಗುಣವೂ ಇದೆ: ಸಾಮಾನ್ಯವಾಗಿ ಕ್ಯಾಮೆರಾಗಳು ಎನ್‌ವಿಆರಿನ ಒಳಜಾಲದಲ್ಲಿಯೇ ಉಳಿಯುತ್ತವೆ, ಕಚೇರಿಯ ವೈಫೈ ಬಳಸುವವರಿಗೆ ನೇರವಾಗಿ ಎಟುಕುವುದಿಲ್ಲ. 2016ರಲ್ಲಿ ‘ಮಿರಾಯ್’ ಎಂಬ ದುಷ್ಟ ತಂತ್ರಾಂಶವು ಕಾರ್ಖಾನೆಯ ಪಾಸ್‌ವರ್ಡನ್ನು ಬದಲಿಸದೆ ಬಿಟ್ಟಿದ್ದ ಸಹಸ್ರಾರು ಕ್ಯಾಮೆರಾ ಮತ್ತು ರೆಕಾರ್ಡರುಗಳನ್ನು ವಶಪಡಿಸಿಕೊಂಡು ಅಂತರ್ಜಾಲದ ಪ್ರಮುಖ ತಾಣಗಳನ್ನೇ ಅಲುಗಿಸಿದ್ದನ್ನು ನೆನೆದರೆ, ಈ ಗುಣ ಸಣ್ಣದಲ್ಲ.

ಎರಡು ಜಾತಿಯ ಪಿಒಇ

ಮಾನಕದ ಪಿಒಇ ಉಪಕರಣವು ಕಣ್ಣು ಮುಚ್ಚಿ ವಿದ್ಯುತ್ತು ಹರಿಸುವುದಿಲ್ಲ. ಮೊದಲು 10 ವೋಲ್ಟಿನ ಒಳಗಿನ ಅಲ್ಪ ವೋಲ್ಟೇಜನ್ನು ಕಳುಹಿಸಿ, ಆ ಬದಿಯಲ್ಲಿ ಸುಮಾರು 25 ಸಾವಿರ ಓಮ್‌ಗಳ ರೋಧವಿದೆಯೇ ಎಂದು ಪರೀಕ್ಷಿಸುತ್ತದೆ. ಈ ರೋಧವೇ ಕ್ಯಾಮೆರಾದ ಗುರುತಿನ ಚೀಟಿ. ಅದು ಕಂಡರೆ ಮಾತ್ರ ಪೂರ್ಣ ವೋಲ್ಟೇಜ್. ಕಾಣದಿದ್ದರೆ, ಅಂದರೆ ಆ ಬದಿಯಲ್ಲಿ ಲ್ಯಾಪ್‌ಟಾಪ್ ಅಥವಾ ಹಳೆಯ ಪ್ರಿಂಟರ್ ಇದ್ದರೆ, ಮಾಹಿತಿ ಮಾತ್ರ ಹರಿಯುತ್ತದೆ. ಕ್ಯಾಮೆರಾವನ್ನು ಕಳಚಿದರೆ ಅರ್ಧ ಸೆಕೆಂಡಿನೊಳಗೆ ವಿದ್ಯುತ್ತು ನಿಲ್ಲುತ್ತದೆ. ಬ್ಯಾಂಕಿನಲ್ಲಿ ಸಹಿ ತಾಳೆ ನೋಡದೆ ಹಣ ಕೊಡುವುದಿಲ್ಲವಲ್ಲ, ಅದೇ ಶಿಸ್ತು.

‘ಪ್ಯಾಸಿವ್ ಪಿಒಇ’ ಎಂಬ ಎರಡನೆಯ ಜಾತಿಗೆ ಈ ಶಿಸ್ತಿಲ್ಲ. ಪ್ಲಗ್ಗಿಗೆ ಹಾಕಿದೊಡನೆ ಕೇಬಲ್ಲಿನಲ್ಲಿ 24 ವೋಲ್ಟ್, ಕೆಲವೊಮ್ಮೆ 48 ವೋಲ್ಟ್ ಸದಾ ಇರುತ್ತದೆ, ಆ ಬದಿಯಲ್ಲಿ ಏನೇ ಇರಲಿ. ತಾರಸಿಯ ಮೇಲೆ ನಿಸ್ತಂತು ಅಂತರ್ಜಾಲದ ಗ್ರಾಹಕ ಉಪಕರಣವನ್ನು ಕೂರಿಸುವವರು ಇಂತಹ 24 ವೋಲ್ಟಿನ ಇಂಜೆಕ್ಟರನ್ನು ಕೊಡುವುದುಂಟು. ನೋಟಕ್ಕೆ ಎರಡೂ ಒಂದೇ ಬಗೆಯ ಕಪ್ಪು ಪೆಟ್ಟಿಗೆ, ಕಿಂಡಿಯ ಮೇಲೆ ‘ಪಿಒಇ’ ಎಂಬ ಅದೇ ಬರಹ. ಕಚೇರಿಯ ಕಪಾಟಿನಲ್ಲಿ ಬಿದ್ದಿದ್ದ ಹಳೆಯ 24 ವೋಲ್ಟಿನ ಇಂಜೆಕ್ಟರನ್ನು ಮಾನಕದ ಕ್ಯಾಮೆರಾಕ್ಕೆ ಜೋಡಿಸಿದರೆ ಅದು ಏಳುವುದೇ ಇಲ್ಲ. 48 ವೋಲ್ಟಿನ ಪ್ಯಾಸಿವ್ ಇಂಜೆಕ್ಟರಿಗೆ ಪಿಒಇ ಅರಿಯದ ಉಪಕರಣವನ್ನು ಜೋಡಿಸಿದರೆ ಅದು ಸುಟ್ಟುಹೋಗಬಹುದು. ಆದುದರಿಂದ ಕೊಟೇಶನ್ನಿನಲ್ಲಿ ಬರಿಯ ‘ಪಿಒಇ’ ಎಂದಿದ್ದರೆ ಒಪ್ಪಬಾರದು. ‘802.3ಎಎಫ್’ ಅಥವಾ ‘802.3ಎಟಿ’ ಎಂಬ ಸಂಖ್ಯೆ ಸ್ವಿಚ್ಚಿನ ಮುಂದೆಯೂ ಕ್ಯಾಮೆರಾದ ಮುಂದೆಯೂ ನಮೂದಾಗಿರಬೇಕು.

ಈ ಸಂಖ್ಯೆಗಳ ಅರ್ಥ ಸರಳ. 2003ರ 802.3ಎಎಫ್ ಮಾನಕದಲ್ಲಿ ಸ್ವಿಚ್ಚಿನ ಪೋರ್ಟು 15.4 ವ್ಯಾಟ್ ಕೊಡಬಲ್ಲುದು, ಕ್ಯಾಮೆರಾಕ್ಕೆ ಖಾತರಿಯಾಗಿ ತಲಪುವುದು 12.95 ವ್ಯಾಟ್. ನಡುವಿನ 2.45 ವ್ಯಾಟ್ ಎಲ್ಲಿ ಹೋಯಿತು? ಮಾನಕ ರೂಪಿಸಿದವರು ತಂತಿಯ ರೋಧವನ್ನು ಗರಿಷ್ಠ 20 ಓಮ್ ಎಂದೂ ಪ್ರವಾಹವನ್ನು 0.35 ಆಂಪಿಯರ್ ಎಂದೂ ಹಿಡಿದರು. ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದರೆ ಸರಿಯಾಗಿ 2.45. ತಂತಿಯನ್ನು ಬಿಸಿಮಾಡಲು ತೆತ್ತ ಸುಂಕವಿದು. 2009ರ 802.3ಎಟಿ ಮಾನಕದಲ್ಲಿ ಪೋರ್ಟಿನಿಂದ 30 ವ್ಯಾಟ್, ಉಪಕರಣಕ್ಕೆ 25.5 ವ್ಯಾಟ್. 2018ರ 802.3ಬಿಟಿ ನಾಲ್ಕೂ ಜೋಡಿಗಳನ್ನು ಬಳಸಿ 90 ವ್ಯಾಟ್‌ವರೆಗೆ ಏರುತ್ತದೆ. ಗೋಡೆಗೆ ಕಚ್ಚಿಕೊಂಡ ಸಾಮಾನ್ಯ ಕ್ಯಾಮೆರಾಕ್ಕೆ ಮೊದಲನೆಯದೇ ಸಾಕು. ತಿರುಗುವ, ದೂರದ ದೃಶ್ಯವನ್ನು ಹತ್ತಿರಕ್ಕೆ ತರುವ ದೊಡ್ಡ ಕ್ಯಾಮೆರಾಗಳಿಗಷ್ಟೇ ಮುಂದಿನವು ಬೇಕಾಗುತ್ತವೆ.

12 ವೋಲ್ಟಿನ ಕಟ್ಟು

ಸಾಮಾನ್ಯ ಕ್ಯಾಮೆರಾದ ವಿದ್ಯುತ್ತಿನ ಕಿಂಡಿಗೆ ಬೇಕಾದುದು 12 ವೋಲ್ಟ್. ಹಾಗಿದ್ದ ಮೇಲೆ ಕೇಬಲ್ಲಿನಲ್ಲಿ ನೇರವಾಗಿ ಅದನ್ನೇ ಕಳುಹಿಸಿದರೆ ಸಾಲದೇ ಎಂದು ಕೆಲವರು ಕೇಳುತ್ತಾರೆ, ಅಗ್ಗದ ಕೆಲಸ ಮಾಡುವವರು ಕಳುಹಿಸಿಯೂ ಬಿಡುತ್ತಾರೆ. ಲೆಕ್ಕ ನೋಡೋಣ. 60 ಮೀಟರ್ ಉತ್ತಮ ತಾಮ್ರದ ಕೇಬಲ್ಲಿನಲ್ಲಿ ಎರಡು ಎಳೆಗಳು ಹೋಗಲು, ಎರಡು ಮರಳಲು ಎಂದಿಟ್ಟುಕೊಂಡರೆ ಒಟ್ಟು ರೋಧ ಸುಮಾರು 5 ಓಮ್. 6 ವ್ಯಾಟಿನ ಕ್ಯಾಮೆರಾ 12 ವೋಲ್ಟಿನಲ್ಲಿ ಅರ್ಧ ಆಂಪಿಯರ್ ಎಳೆಯುತ್ತದೆ, ಎರಡೂವರೆ ವೋಲ್ಟ್ ದಾರಿಯಲ್ಲೇ ಕರಗುತ್ತದೆ. ವೋಲ್ಟೇಜ್ ತಗ್ಗಿದಂತೆ ಕ್ಯಾಮೆರಾ ಇನ್ನಷ್ಟು ಪ್ರವಾಹವನ್ನು ಎಳೆಯುವುದರಿಂದ ನಷ್ಟ ಮತ್ತೂ ಬೆಳೆದು, ಕೊನೆಗೆ ಕ್ಯಾಮೆರಾದ ಪಾಲಿಗೆ ಉಳಿಯುವುದು ಎಂಟೂವರೆ ವೋಲ್ಟಿಗೂ ಕಡಿಮೆ. ಅದೇ ಕೇಬಲ್ಲಿನಲ್ಲಿ 48 ವೋಲ್ಟ್ ಕಳುಹಿಸಿದರೆ ಪ್ರವಾಹ 0.125 ಆಂಪಿಯರ್ ಮಾತ್ರ, ನಷ್ಟ ಮುಕ್ಕಾಲು ವೋಲ್ಟಿಗಿಂತ ಕಡಿಮೆ. 60 ವೋಲ್ಟಿನೊಳಗಿನ ನೇರ ವಿದ್ಯುತ್ತು ಕೈಗೆ ತಗಲಿದರೂ ಸಾಮಾನ್ಯವಾಗಿ ಅಪಾಯಕಾರಿಯಲ್ಲವೆಂದು ಪರಿಗಣಿತವಾದುದು. ನಷ್ಟ ತಗ್ಗಬೇಕು, ಅಪಾಯವೂ ಇರಬಾರದು ಎಂಬ ಎರಡು ಬೇಡಿಕೆಗಳಿಗೆ 48 ವೋಲ್ಟ್ ಒದಗಿಬಂದಿದೆ.

ಆ ‘ಉತ್ತಮ ತಾಮ್ರ’ ಎಂಬ ಮಾತಿನ ಬಳಿ ಸ್ವಲ್ಪ ನಿಲ್ಲಬೇಕು. ಪೇಟೆಯಲ್ಲಿ ಅರ್ಧ ಬೆಲೆಗೆ ಸಿಗುವ ಕೇಬಲ್ಲುಗಳಲ್ಲಿ ಬಹಳಷ್ಟು ‘ಸಿಸಿಎ’, ಎಂದರೆ ಅಲ್ಯೂಮಿನಿಯಂ ಎಳೆಗೆ ತಾಮ್ರದ ತೆಳು ಲೇಪ. ಇದರ ರೋಧ ಶುದ್ಧ ತಾಮ್ರಕ್ಕಿಂತ ಸುಮಾರು ಒಂದೂವರೆ ಪಟ್ಟು. ಎಳೆ ಬೇಗ ಮುರಿಯುತ್ತದೆ, ಪಿಒಇ ಹೊರೆಯಲ್ಲಿ ಬಿಸಿಯೂ ಹೆಚ್ಚು. ಕ್ಯಾಟ್ 5ಇ ಅಥವಾ ಕ್ಯಾಟ್ 6 ಎಂಬ ದರ್ಜೆಗೆ ಶುದ್ಧ ತಾಮ್ರ ಕಡ್ಡಾಯ, ಸಿಸಿಎ ಕೇಬಲ್ಲಿನ ಮೇಲೆ ಆ ಹೆಸರು ಅಚ್ಚಾಗಿದ್ದರೂ ಅದು ಆ ದರ್ಜೆಯದಲ್ಲ. ಪರೀಕ್ಷೆಗೆ ಯಂತ್ರ ಬೇಡ: ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದರೆ ಒಳಗೆ ಬೆಳ್ಳಿಯ ಬಣ್ಣ ಹೊಳೆಯುತ್ತದೆ. ಕಾಮಗಾರಿ ಆರಂಭವಾಗುವ ದಿನ ಕಮಿಟಿಯ ಒಬ್ಬರು 305 ಮೀಟರಿನ ಪೆಟ್ಟಿಗೆಯಿಂದ ಒಂದು ಅಡಿ ಕತ್ತರಿಸಿ ನೋಡಿದರೆ ಸಾಕು. ಗೋಡೆಯೊಳಗೆ ಹೂತುಹೋದ ಮೇಲೆ ನೋಡುವವರು ಯಾರು?

ಈಥರ್ನೆಟ್ ಕೇಬಲ್ಲಿನ ಗರಿಷ್ಠ ಉದ್ದ 100 ಮೀಟರ್. ಪಿಒಇ ಇದ್ದರೂ ಅಷ್ಟೇ. ಇಪ್ಪತ್ತು ಮಹಡಿಯ ಕಟ್ಟಡದಲ್ಲಿ ಲಂಬವಾಗಿಯೇ ಸುಮಾರು 60 ಮೀಟರ್ ಕಳೆಯುತ್ತದೆ, ಮೊಗಸಾಲೆ, ತಿರುವುಗಳನ್ನು ಸೇರಿಸಿದರೆ ಮಿತಿ ಹತ್ತಿರವಾಗುತ್ತದೆ. ಸ್ವಿಚ್ಚನ್ನು ನೆಲಮಹಡಿಯ ಬದಲು ನಡುಮಹಡಿಯಲ್ಲಿಡುವುದು ಇಂಥಲ್ಲಿ ಜಾಣತನ.

ವ್ಯಾಟುಗಳ ಆಯವ್ಯಯ

ಎಂಟು ಪೋರ್ಟುಗಳ ಸ್ವಿಚ್ಚು ಎಂದಾಕ್ಷಣ ಎಂಟು ಪೋರ್ಟುಗಳಿಗೂ ಪೂರ್ಣ 15.4 ವ್ಯಾಟ್ ಸಿಗುತ್ತದೆಂದು ಭಾವಿಸಬಾರದು. ಇಡೀ ಸ್ವಿಚ್ಚಿಗೊಂದು ಒಟ್ಟು ಮಿತಿ ಇರುತ್ತದೆ, ಓವರ್‌ಡ್ರಾಫ್ಟ್ ಖಾತೆಯ ಮಿತಿಯಂತೆ. ಅದು 60 ವ್ಯಾಟ್ ಎಂದಿಟ್ಟುಕೊಳ್ಳೋಣ. ಎಂಟು ಕ್ಯಾಮೆರಾಗಳು ಹಗಲು ತಲಾ 4 ವ್ಯಾಟ್ ಬಳಸಿದರೆ 32 ವ್ಯಾಟ್, ನಿಶ್ಚಿಂತೆ. ಕತ್ತಲಾದೊಡನೆ ಪ್ರತಿ ಕ್ಯಾಮೆರಾದ ಅವಕೆಂಪು ದೀಪಗಳು ಹೊತ್ತಿಕೊಳ್ಳುತ್ತವೆ. ಬಳಕೆ ತಲಾ 7 ವ್ಯಾಟಿಗೆ ಏರಿದರೆ 56, ತಂತಿಯ ನಷ್ಟ ಸೇರಿ ಮಿತಿಯ ಅಂಚು. ಮಿತಿ ಮೀರಿದರೆ ಸ್ವಿಚ್ಚು ಯಾವುದಾದರೊಂದು ಪೋರ್ಟನ್ನು ಮುಚ್ಚುತ್ತದೆ, ಸಾಮಾನ್ಯವಾಗಿ ಕೊನೆಯ ಸಂಖ್ಯೆಯದನ್ನು. ಗೇಟಿನ ಕ್ಯಾಮೆರಾ ಎಂಟನೆಯ ಪೋರ್ಟಿನಲ್ಲಿದ್ದರೆ ಪ್ರತಿ ಸಂಜೆಯೂ ಅದೇ ಕುರುಡಾಗುತ್ತದೆ, ಬೆಳಗಾದೊಡನೆ ತಾನೇ ಸರಿಹೋಗುತ್ತದೆ. ಹಗಲು ಬಂದ ತಂತ್ರಜ್ಞನಿಗೆ ದೋಷ ಕಾಣುವುದೇ ಇಲ್ಲ.

ಇನ್ನೊಂದು ತೊಡಕೂ ಇದೆ. ಕೆಲವು ಸ್ವಿಚ್ಚುಗಳು ನಿಜವಾದ ಬಳಕೆಯನ್ನು ಅಳೆಯದೆ, ಕ್ಯಾಮೆರಾ ತನ್ನನ್ನು ಯಾವ ವರ್ಗದ್ದೆಂದು ಹೇಳಿಕೊಂಡಿತೋ ಅದರಂತೆ ವಿದ್ಯುತ್ತನ್ನು ಕಾದಿರಿಸುತ್ತವೆ. ಒಂದನೆಯ ವರ್ಗಕ್ಕೆ 4 ವ್ಯಾಟ್, ಎರಡನೆಯದಕ್ಕೆ 7, ಮೂರನೆಯದಕ್ಕೆ 15.4. ವರ್ಗವನ್ನೇ ಸೂಚಿಸದ ಕ್ಯಾಮೆರಾಕ್ಕೂ 15.4. ಇಂಥ ಸ್ವಿಚ್ಚಿಗೆ ಮೂರನೆಯ ವರ್ಗದ ಕ್ಯಾಮೆರಾಗಳನ್ನು ಜೋಡಿಸಿದರೆ 60 ವ್ಯಾಟಿನಲ್ಲಿ ಮೂರೇ ಕ್ಯಾಮೆರಾ ಬದುಕುತ್ತವೆ, ನಾಲ್ಕನೆಯದಕ್ಕೆ ಜಾಗವಿಲ್ಲ. ಕೊಳ್ಳುವಾಗ ಪೋರ್ಟುಗಳ ಸಂಖ್ಯೆಯನ್ನಲ್ಲದೆ ಒಟ್ಟು ವ್ಯಾಟನ್ನೂ ಕೇಳಬೇಕು, ಅಂತಿಮ ಬಿಲ್ಲನ್ನು ಪಾವತಿ ಮಾಡುವ ಮುನ್ನ ರಾತ್ರಿ ಒಂಬತ್ತರ ಮೇಲೆ ಎಲ್ಲ ಕ್ಯಾಮೆರಾಗಳ ಚಿತ್ರವನ್ನೂ ಒಮ್ಮೆ ನೋಡಬೇಕು.

ನಿಜವಾದ ಲಾಭ

ಪಿಒಇಯಿಂದ ವೈರಿಂಗ್ ಖರ್ಚು ಉಳಿಯುತ್ತದೆ ಎಂಬುದನ್ನೇ ಮಾರಾಟಗಾರರು ಮುಂದೆ ಮಾಡುತ್ತಾರೆ. ಅದು ಗೌಣ. ನಿಜವಾದ ಲಾಭ ಬೇರೆಡೆ ಇದೆ. ಹಳೆಯ ವ್ಯವಸ್ಥೆಯಲ್ಲಿ ‘ತ್ರೀ ಪ್ಲಸ್ ವನ್’ ಕೇಬಲ್ಲು, ಅಲ್ಲಲ್ಲಿ ಅಡಾಪ್ಟರು. ಆ ಅಡಾಪ್ಟರುಗಳು ಮೆಟ್ಟಿಲ ಕೆಳಗಿನ, ಮೀಟರು ಕೋಣೆಯ ಪ್ಲಗ್ಗುಗಳಲ್ಲಿ ಯಾರ ಕೈಗಾದರೂ ಸಿಗುವಂತಿರುತ್ತವೆ. ಉಪನಗರದ ಒಂದು ಸೊಸೈಟಿಯಲ್ಲಿ ಗಣೇಶೋತ್ಸವದ ದೀಪಮಾಲೆಗೆ ಪ್ಲಗ್ಗು ಬೇಕಾಯಿತೆಂದು ಯಾರೋ ಅಡಾಪ್ಟರನ್ನು ಕಿತ್ತು ಬದಿಗಿಟ್ಟರು, ವಿಸರ್ಜನೆ ಮುಗಿದ ಮೇಲೂ ಅದು ಅಲ್ಲಿಯೇ ಉಳಿಯಿತು. ಕೆಲವು ದಿನಗಳ ಬಳಿಕ ವಾಹನ ನಿಲುಗಡೆಯಿಂದ ಮೋಟಾರ್‌ಸೈಕಲೊಂದು ಕಾಣೆಯಾದಾಗ ದಾಖಲೆ ತೆರೆದು ನೋಡಿದರೆ ಆ ಕ್ಯಾಮೆರಾದ ಪರದೆ ಹಬ್ಬದ ಮೊದಲ ದಿನದಿಂದಲೂ ಖಾಲಿ. ಇಷ್ಟರಲ್ಲಿ ವಾಚ್‌ಮನ್ನನ ಮೇಲೆ ಸಂಶಯ ಹೊರಿಸಿ ಆಗಿತ್ತು. ಅವನ ಪರವಾಗಿ ಸಾಕ್ಷಿ ನುಡಿಯಬಹುದಾಗಿದ್ದ ಒಂದೇ ಕಣ್ಣು ಅದು.

ಪಿಒಇ ಇರುವಲ್ಲಿ ಕ್ಯಾಮೆರಾದ ಬಳಿ ಪ್ಲಗ್ಗೇ ಇಲ್ಲ. ಎಲ್ಲ ವಿದ್ಯುತ್ತೂ ಬೀಗ ಹಾಕಿದ ಒಂದು ಪೆಟ್ಟಿಗೆಯಿಂದ ಹೊರಡುತ್ತದೆ. ಸ್ವಿಚ್ಚು, ರೂಟರ್, ಎನ್‌ವಿಆರ್ ಮೂರಕ್ಕೂ ಸೇರಿ ಒಂದೇ ಯುಪಿಎಸ್ ಕೊಟ್ಟರೆ ವಿದ್ಯುತ್ತು ಹೋದಾಗಲೂ ಕಟ್ಟಡದ ಎಲ್ಲ ಕ್ಯಾಮೆರಾಗಳೂ ಎಚ್ಚರವಾಗಿರುತ್ತವೆ, ಹಳೆಯ ದೂರವಾಣಿಯಂತೆಯೇ. ಮೂರರ ಒಟ್ಟು ಬಳಕೆ 90 ವ್ಯಾಟ್ ಎಂದಾದರೆ, 12 ವೋಲ್ಟ್ 7 ಆಂಪಿಯರ್-ಗಂಟೆಯ ಬ್ಯಾಟರಿಯುಳ್ಳ ಕಂಪ್ಯೂಟರಿನ ಚಿಕ್ಕ ಯುಪಿಎಸ್ ಅರ್ಧ ಗಂಟೆ ಎಳೆದರೆ ಹೆಚ್ಚು. ಮನೆಯ ಇನ್ವರ್ಟರಿನ 150 ಆಂಪಿಯರ್-ಗಂಟೆಯ ಹೊಸ ಬ್ಯಾಟರಿಯಾದರೆ ಹತ್ತು ಗಂಟೆಗೂ ಮೇಲ್ಪಟ್ಟು. ಆದರೆ ಇನ್ವರ್ಟರು ವಿದ್ಯುತ್ತನ್ನು ಬದಲಿಸುವ ಕ್ಷಣಾರ್ಧ ದೀರ್ಘವಾದರೆ ಸ್ವಿಚ್ಚು ಮರುಚಾಲನೆಗೊಂಡು ಎಲ್ಲ ಕ್ಯಾಮೆರಾಗಳೂ ಒಂದೆರಡು ನಿಮಿಷ ಕಣ್ಣು ಮುಚ್ಚುತ್ತವೆ. ‘ಯುಪಿಎಸ್ ಮೋಡ್’ ಇರುವ ಇನ್ವರ್ಟರನ್ನು ಆರಿಸುವುದು ಅದಕ್ಕಾಗಿ. ಒಂದೇ ಸ್ವಿಚ್ಚು ಕೆಟ್ಟರೆ ಎಲ್ಲವೂ ಕೆಡುತ್ತದಲ್ಲ ಎಂಬ ಆಕ್ಷೇಪ ನ್ಯಾಯವಾದುದೇ. ಎಂಟರ ಬದಲು ನಾಲ್ಕು ನಾಲ್ಕರ ಎರಡು ಸ್ವಿಚ್ಚುಗಳನ್ನು ಇಟ್ಟು, ಗೇಟಿನ ಎರಡು ಕ್ಯಾಮೆರಾಗಳನ್ನು ಬೇರೆ ಬೇರೆ ಸ್ವಿಚ್ಚಿಗೆ ಕೊಟ್ಟರೆ ಆ ಭಯ ಅರ್ಧವಾಗುತ್ತದೆ.

ಸ್ತಬ್ಧಗೊಂಡ ಕ್ಯಾಮೆರಾವನ್ನು ಮತ್ತೆ ಎಬ್ಬಿಸಲು ಏಣಿ ಹತ್ತಬೇಕಾಗಿಲ್ಲ ಎಂಬುದೂ ಒಂದು ಅನುಕೂಲ. ಸ್ವಿಚ್ಚಿನ ಬಳಿ ಆ ಕೇಬಲ್ಲನ್ನು ಕಿತ್ತು ಮತ್ತೆ ಸಿಕ್ಕಿಸಿದರೆ ಆಯಿತು.

ಮುಂಬಯಿಯ ಮಳೆಗಾಲಕ್ಕೆ ಸಂಬಂಧಿಸಿದ ಎರಡು ಮಾತುಗಳು ಉಳಿದಿವೆ. ಹೊರಗಿನ ಕ್ಯಾಮೆರಾದ ಕೇಬಲ್ಲು ತುದಿಯ ಪ್ಲಾಸ್ಟಿಕ್ ಕೊಂಡಿಗೆ ನೀರು ಹೊಕ್ಕರೆ, ಅದರಲ್ಲಿ ಸದಾ ನೇರ ವಿದ್ಯುತ್ತು ಇರುವ ಕಾರಣ ಲೋಹದ ಸಂಪರ್ಕಗಳು ಬೇಗನೆ ಹಸಿರುಗಟ್ಟಿ ತಿಂದುಹೋಗುತ್ತವೆ. ಕೊಂಡಿಯು ಮುಚ್ಚಿದ ಪೆಟ್ಟಿಗೆಯೊಳಗೇ ಇರಬೇಕು, ಕೇಬಲ್ಲು ಪೆಟ್ಟಿಗೆಯನ್ನು ಹೊಗುವ ಮುನ್ನ ತುಸು ಕೆಳಕ್ಕೆ ಜೋತುಬಿದ್ದಿರಬೇಕು, ಆಗ ನೀರು ಆ ತಗ್ಗಿನಿಂದಲೇ ತೊಟ್ಟಿಕ್ಕುತ್ತದೆ. ಎರಡನೆಯದು ಸಿಡಿಲು. ಒಂದು ಕಟ್ಟಡದಿಂದ ಮತ್ತೊಂದಕ್ಕೆ ತಾಮ್ರದ ಕೇಬಲ್ಲನ್ನು ಗಾಳಿಯಲ್ಲಿ ಎಳೆಯುವುದು ಸಲ್ಲ. ಸನಿಹದಲ್ಲೆಲ್ಲೋ ಸಿಡಿಲೆರಗಿದರೂ ಎರಡೂ ತುದಿಯ ಉಪಕರಣಗಳು ಹೋಗಬಹುದು. ಕಟ್ಟಡಗಳ ನಡುವೆ ಆಪ್ಟಿಕಲ್ ಫೈಬರ್ ಎಳೆದು, ಪ್ರತಿ ಕಟ್ಟಡದಲ್ಲೂ ಅದರದೇ ಪಿಒಇ ಸ್ವಿಚ್ಚು ಮತ್ತು ಯುಪಿಎಸ್ ಇಡುವುದು ಸರಿಯಾದ ಕ್ರಮ. ಗೇಟಿನಂತಹ ಬಯಲಿನ ಕಂಬದ ಕ್ಯಾಮೆರಾಕ್ಕೆ ಪಿಒಇಗೆ ಹೊಂದುವ ಸರ್ಜ್ ಪ್ರೊಟೆಕ್ಟರನ್ನು ಹಾಕಿಸಿ, ಅದರ ಭೂಸಂಪರ್ಕದ ತಂತಿ ನಿಜವಾಗಿಯೂ ಅರ್ಥಿಂಗಿಗೆ ಸೇರಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಆ ತಂತಿಯನ್ನು ಜೋಡಿಸದೆ ಸುಮ್ಮನೆ ಸುತ್ತಿಟ್ಟುಹೋಗುವ ಪರಿಪಾಠ ಉಂಟು.

ಕಾಮಗಾರಿ ಮುಗಿದ ದಿನ ಗುತ್ತಿಗೆದಾರರಿಂದ ಒಂದು ಹಾಳೆಯನ್ನು ಕೇಳಿ ಪಡೆಯಬೇಕು: ಯಾವ ಪೋರ್ಟಿಗೆ ಯಾವ ಕ್ಯಾಮೆರಾ, ಕೇಬಲ್ಲಿನ ಉದ್ದವೆಷ್ಟು, ಎನ್‌ವಿಆರಿನ ಬದಲಿಸಿದ ಪಾಸ್‌ವರ್ಡ್ ಯಾರ ವಶದಲ್ಲಿದೆ. ಇದರ ಒಂದು ಪ್ರತಿ ಸ್ವಿಚ್ಚಿನ ಪೆಟ್ಟಿಗೆಯ ಬಾಗಿಲಿನ ಒಳಬದಿಯಲ್ಲಿ, ಪಾಸ್‌ವರ್ಡಿನ ಸಾಲನ್ನು ಬಿಟ್ಟು. ಮತ್ತೊಂದು ಪ್ರತಿ ಕಾರ್ಯದರ್ಶಿಯ ಕಡತದಲ್ಲಿ. ಅದರೊಡನೆ 802.3ಎಎಫ್ ಎಂದು ಸ್ಪಷ್ಟವಾಗಿ ಬರೆದಿರುವ ಒಂದು ಇಂಜೆಕ್ಟರನ್ನೂ ಕೊಂಡು ಕಚೇರಿಯಲ್ಲಿಟ್ಟರೆ, ಸ್ವಿಚ್ಚು ಕೆಟ್ಟ ರಾತ್ರಿ ಗೇಟಿನ ಒಂದು ಕ್ಯಾಮೆರಾವನ್ನಾದರೂ ನಡೆಸಬಹುದು.